ತಿಲಕ–ಆಗರಕರ್ ಸಂಪಾದಕ ಜೋಡಿಯ ಒಡಕು

ಪುಣೆಯ ‘ಕೇಸರಿ’ ಮತ್ತು ‘ಮರಾಠಾ’ ಪತ್ರಿಕೆಗಳನ್ನು ಜೊತೆಯಾಗಿ ಕಟ್ಟಿದ ಬಾಲ ಗಂಗಾಧರ ತಿಲಕ (1856–1920) ಮತ್ತು ಗೋಪಾಳ ಗಣೇಶ ಆಗರಕರ್ (1856–1895) 1887ರ ಅಕ್ಟೋಬರಿನಲ್ಲಿ ಬೇರೆಯಾದರು. ಆಗರಕರ್ ‘ಕೇಸರಿ’ಯ ಸಂಪಾದಕತ್ವ ಬಿಟ್ಟು, ಮರುವರ್ಷ ಅಕ್ಟೋಬರ್ 15ರಂದು ‘ಸುಧಾರಕ’ ಎಂಬ ವಾರಪತ್ರಿಕೆ ಹೊರಡಿಸಿದರು. 1890ರ ಕೊನೆಗೆ ತಿಲಕರು, ಇಬ್ಬರೂ ಸೇರಿ ಬೆಳೆಸಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿಯನ್ನೂ ತೊರೆದರು. ಪಶ್ಚಿಮ ಭಾರತದ ಮಟ್ಟಿಗೆ ಸಂಪಾದಕ ಜೋಡಿಗಳಲ್ಲಿ ಇದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ಇನ್ನೊಂದಿಲ್ಲ. ಈ ಒಡಕನ್ನು ‘ಮೊದಲು ಸ್ವರಾಜ್ಯವೋ, ಮೊದಲು ಸಮಾಜ ಸುಧಾರಣೆಯೋ’ ಎಂಬ ವಾದದ ಫಲವೆಂದು ಹೇಳುವುದು ರೂಢಿ. ಅದು ಸುಳ್ಳಲ್ಲ, ಆದರೆ ಅಷ್ಟರಿಂದಲೇ ಕಾಲದ ಲೆಕ್ಕ ಕೂಡುವುದಿಲ್ಲ. ಭಿನ್ನಾಭಿಪ್ರಾಯ ಮೊದಲ ದಿನಗಳಿಂದಲೂ ಇತ್ತು. ಆದರೂ ಇಬ್ಬರೂ ಆರು ವರ್ಷಕ್ಕೂ ಹೆಚ್ಚು ಕಾಲ ಒಂದೇ ಪತ್ರಿಕಾಲಯದಲ್ಲಿ ಬರೆದರು. ಇದ್ದ ಭಿನ್ನಮತ 1887ರಲ್ಲೇ ಏಕೆ ಒಡಕಾಯಿತು ಎಂಬುದು ಇಲ್ಲಿನ ಪ್ರಶ್ನೆ. ಬರೆದವರ ಹೆಸರಿಲ್ಲದೆ ‘ನಾವು’ ಎಂದು ಮಾತಾಡುವ ಸಂಪಾದಕೀಯ, ಮತ್ತು ಯಾರೊಬ್ಬರದೂ ಅಲ್ಲದ ಕೂಡು ಒಡೆತನ, ಇವೆರಡರಲ್ಲಿ ಅದರ ಉತ್ತರವಿದೆ.

ಇಬ್ಬರೂ ಹುಟ್ಟಿದ್ದು 1856ರ ಜುಲೈನಲ್ಲಿ, ಒಂಬತ್ತು ದಿನಗಳ ಅಂತರದಲ್ಲಿ: ಆಗರಕರ್ ಕರಾಡದ ಹತ್ತಿರದ ಟೆಂಭು ಗ್ರಾಮದಲ್ಲಿ, ತಿಲಕರು ರತ್ನಾಗಿರಿಯಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ತಿಲಕರು ಕಾನೂನು, ಆಗರಕರ್ ಎಂ.ಎ. ಓದುತ್ತಿದ್ದಾಗ ಗೆಳೆತನ ಬೆಳೆಯಿತು. ಸರ್ಕಾರಿ ನೌಕರಿ ಹಿಡಿಯುವುದಿಲ್ಲ, ಕಡಿಮೆ ಸಂಬಳಕ್ಕೆ ಜನರಿಗೆ ಶಿಕ್ಷಣ ಕೊಡುವ ಕೆಲಸ ಮಾಡುತ್ತೇವೆ ಎಂದು ಅಲ್ಲೇ ನಿಶ್ಚಯಿಸಿದರು. ಬಡತನದಲ್ಲಿ ಬೆಳೆದ ಆಗರಕರ್‌ಗೆ ಈ ನಿಶ್ಚಯ ಹೆಚ್ಚು ತುಟ್ಟಿಯಾಗಿತ್ತು. ಮಗ ಎಂ.ಎ. ಆದ ಮೇಲೆ ದೊಡ್ಡ ಸಂಬಳ ತರುತ್ತಾನೆಂದು ಕಾದಿದ್ದ ತಾಯಿಗೆ, ಹೊಟ್ಟೆಪಾಡಿಗೆ ಸಾಲುವಷ್ಟು ದುಡಿದು ಉಳಿದ ಹೊತ್ತನ್ನು ಪರಹಿತಕ್ಕೆ ಕೊಡುತ್ತೇನೆ ಎಂದು ಅವರು ಬರೆದ ಪತ್ರ ಮಹಾರಾಷ್ಟ್ರದಲ್ಲಿ ಇಂದಿಗೂ ಮನೆಮಾತು. ‘ನಿಬಂಧಮಾಲಾ’ ಪತ್ರಿಕೆಯ ವಿಷ್ಣುಶಾಸ್ತ್ರಿ ಚಿಪಳೂಣಕರ್ 1880ರ ಜನವರಿಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ತೆರೆದಾಗ ತಿಲಕರು ಜೊತೆಗಿದ್ದರು, ಪರೀಕ್ಷೆ ಮುಗಿಸಿ ಆಗರಕರ್ ಬಂದು ಸೇರಿದರು. ಮರುವರ್ಷ ಜನವರಿ 2ಕ್ಕೆ ಇಂಗ್ಲಿಷಿನ ‘ಮರಾಠಾ’, 4ಕ್ಕೆ ಮರಾಠಿಯ ‘ಕೇಸರಿ’ ಹೊರಬಂದವು. ‘ಮರಾಠಾ’ಕ್ಕೆ ತಿಲಕರು, ‘ಕೇಸರಿ’ಗೆ ಆಗರಕರ್ ಸಂಪಾದಕರು. ‘ಕೇಸರಿ’ ಎಂದೊಡನೆ ತಿಲಕರ ಹೆಸರು ನೆನಪಾಗುವ ಇಂದಿನ ಓದುಗರಿಗೆ ಅದರ ಮೊದಲ ಸಂಪಾದಕ ಆಗರಕರ್ ಎಂಬುದು ಹೊಸ ಸುದ್ದಿಯಂತೆ ಕೇಳಬಹುದು. ಹಾಗೆಂದು ಬರಹ ಭಾಷೆಯ ಗಡಿಗೆ ನಿಲ್ಲಲಿಲ್ಲ. ಕಾನೂನು, ಧರ್ಮಶಾಸ್ತ್ರದ ವಿಷಯ ಬಂದರೆ ತಿಲಕರು ‘ಕೇಸರಿ’ಗೂ ಬರೆಯುತ್ತಿದ್ದರು, ಇತಿಹಾಸ, ಅರ್ಥಶಾಸ್ತ್ರ, ಸಮಾಜದ ವಿಷಯಗಳು ಬಹುಮಟ್ಟಿಗೆ ಆಗರಕರ್ ಪಾಲಿಗೆ. ಯಾವ ಲೇಖನದ ಕೆಳಗೂ ಹೆಸರಿಲ್ಲ. ಓದುಗನಿಗೆ ಎಲ್ಲವೂ ‘ಕೇಸರಿ’ಯ ಮಾತೇ.

ಈ ಏರ್ಪಾಡಿನ ಬಲವೇನೆಂಬುದು ಮೊದಲು ಗೊತ್ತಾದದ್ದು ಕೊಲ್ಲಾಪುರ ಪ್ರಕರಣದಲ್ಲಿ. ಎಳೆಯ ವಯಸ್ಸಿನ ಛತ್ರಪತಿ ನಾಲ್ಕನೆಯ ಶಿವಾಜಿಯನ್ನು ಹುಚ್ಚನೆಂದು ಹೇಳಿ ಹಿಂಸಿಸಲಾಗುತ್ತಿದೆ, ಅದರಲ್ಲಿ ದಿವಾನ ಮಾಧವರಾವ್ ಬರ್ವೆಯವರ ಕೈವಾಡವಿದೆ ಎಂದು ಪತ್ರಿಕೆಗಳು ಬರೆದವು. ಆಧಾರವಾಗಿ ಸಿಕ್ಕಿದ್ದ ಪತ್ರಗಳು ನಕಲಿ ಎಂದು ಸಾಬೀತಾಗಿ, 1882ರ ಜುಲೈನಲ್ಲಿ ಸಂಪಾದಕರಿಬ್ಬರಿಗೂ ಮಾನಹಾನಿಗಾಗಿ ನಾಲ್ಕು ತಿಂಗಳ ಸಾದಾ ಸಜೆಯಾಯಿತು. ವಿಚಾರಣೆಯ ಹೊತ್ತಿಗೆ ಇವರ ಜಾಮೀನಿಗೆ ಹತ್ತು ಸಾವಿರ ರೂಪಾಯಿಯ ಹೊಣೆ ಹೊತ್ತವರು, ಬ್ರಾಹ್ಮಣ ಪ್ರಾಬಲ್ಯವನ್ನು ವಿರೋಧಿಸುತ್ತಿದ್ದ ಜೋತಿಬಾ ಫುಲೆಯವರ ಬಳಗದ ರಾಮಶೇಟ್ ಉರವಣೆ. ಪುಣೆಯ ಬ್ರಾಹ್ಮಣ ಪತ್ರಿಕೆಗಳೊಂದಿಗೆ ಫುಲೆಯವರ ಸಂಬಂಧ ಹೇಗಿತ್ತೆಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದು ಅಕ್ಟೋಬರ್ 26ರಂದು ಇಬ್ಬರೂ ಹೊರಬಂದರು. ಆ ದಿನಗಳ ಬಗ್ಗೆ ಆಗರಕರ್ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಒಂದೇ ಕೋಣೆಯಲ್ಲಿ ರಾತ್ರಿಯೆಲ್ಲ ನಡೆಯುತ್ತಿದ್ದ ಚರ್ಚೆ ಎಷ್ಟು ಜೋರಾಗುತ್ತಿತ್ತೆಂದರೆ ಪಹರೆಯವರು ಬಂದು ಸುಮ್ಮನಿರಿಸಬೇಕಾಗುತ್ತಿತ್ತಂತೆ. ಈ ಚಿಕ್ಕ ಸಂಗತಿ ನಮ್ಮ ವಾದಕ್ಕೆ ದೊಡ್ಡ ಸಾಕ್ಷಿ. 1882ರಲ್ಲೇ ಇವರಿಬ್ಬರೂ ಗಂಟಲು ಹರಿಯುವಷ್ಟು ಜಗಳವಾಡಬಲ್ಲವರಾಗಿದ್ದರು, ಜಗಳವಾಡಿಯೂ ಮರುದಿನ ಒಂದೇ ತಟ್ಟೆಯ ಗೆಳೆಯರಾಗಿ ಉಳಿಯಬಲ್ಲವರಾಗಿದ್ದರು. ಜೈಲಿನಲ್ಲಿ ಪತ್ರಿಕೆಯ ಅಗ್ರಲೇಖನ ಬರೆಯಬೇಕಾಗಿರಲಿಲ್ಲ. ಇಬ್ಬರ ಎರಡು ಮಾತು ಎರಡಾಗಿಯೇ ಉಳಿಯಲು ಅಲ್ಲಿ ಅಡ್ಡಿಯಿರಲಿಲ್ಲ.

ಹೊರಗೆ ಹಾಗಿರಲಿಲ್ಲ. 1884ರಲ್ಲಿ ಮುಂಬಯಿಯ ಪಾರ್ಸಿ ಪತ್ರಕರ್ತ ಬೆಹರಾಮಜಿ ಮಲಬಾರಿ ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯದ ಬಗ್ಗೆ ಟಿಪ್ಪಣಿಗಳನ್ನು ಪ್ರಕಟಿಸಿ ಸರ್ಕಾರ ಮಧ್ಯೆ ಬರಬೇಕೆಂದು ಕೇಳಿದರು. ಅದೇ ಹೊತ್ತಿಗೆ ಮುಂಬಯಿ ಹೈಕೋರ್ಟಿನಲ್ಲಿ ರಖಮಾಬಾಯಿಯ ಮೊಕದ್ದಮೆ ನಡೆಯಿತು. ಹನ್ನೊಂದನೆಯ ವಯಸ್ಸಿನಲ್ಲಿ ತನ್ನನ್ನು ಕೇಳದೆ ಮಾಡಿದ ಮದುವೆ, ಆ ಗಂಡನ ಮನೆಗೆ ಹೋಗುವುದಿಲ್ಲ ಎಂಬುದು ಆಕೆಯ ನಿಲುವು. 1885ರಲ್ಲಿ ಒಬ್ಬ ನ್ಯಾಯಾಧೀಶರು ಆಕೆಯ ಪರ ತೀರ್ಪಿತ್ತರು. 1887ರ ಮಾರ್ಚಿನಲ್ಲಿ ಇನ್ನೊಬ್ಬರು, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದರು. ಆಗರಕರ್ ಮನಸ್ಸು ರಖಮಾಬಾಯಿಯ ಕಡೆ, ತಿಲಕರ ಲೇಖನಿ ಆಕೆಯ ವಿರುದ್ಧ. ರಾಜಕೀಯದ ಮಾತಾದರೆ, ಲವಣದ ತೆರಿಗೆ ಹೆಚ್ಚೆಂದು ಇಬ್ಬರೂ ಒಪ್ಪಿ, ಎಷ್ಟು ಹೆಚ್ಚೆಂಬುದರಲ್ಲಿ ಒಂದು ಮಧ್ಯದ ಮಾತಿಗೆ ಬರಬಹುದು. ಒಬ್ಬ ಹೆಣ್ಣುಮಗಳು ಜೈಲಿಗೆ ಹೋಗಬೇಕೇ ಬೇಡವೇ ಎಂಬಲ್ಲಿ ಮಧ್ಯದ ಮಾತೆಂಬುದಿಲ್ಲ. ಪತ್ರಿಕೆ ಏನಾದರೊಂದು ಹೇಳಲೇಬೇಕು, ಹೇಳಿದ್ದು ಇಬ್ಬರದೂ ಆಗುತ್ತದೆ. ‘ಕೇಸರಿ’ಯ ಸಂಪಾದಕನೆಂದು ಊರೆಲ್ಲ ಬಲ್ಲ ಆಗರಕರ್, ತಾನು ಒಪ್ಪದ ಮಾತಿನ ಹೊಣೆಯನ್ನೂ ಹೊರಬೇಕಾಯಿತು. ಪತ್ರಿಕೆಯ ಪಾಲುದಾರರಲ್ಲಿ ಹೆಚ್ಚಿನವರು ತಿಲಕರ ಕಡೆಗಿದ್ದರು, ಓದುಗರ ಒಲವೂ ಆ ಕಡೆಗೇ. ಹೆಸರು ಹಾಕಿ ಬರೆಯುವ ಪದ್ಧತಿ ಇದ್ದಿದ್ದರೆ, ಎಡಪುಟದಲ್ಲಿ ತಿಲಕರು ಬಲಪುಟದಲ್ಲಿ ಆಗರಕರ್ ವಾದಿಸಿ ಪತ್ರಿಕೆ ನಡೆದೀತು ಎಂದು ಇವತ್ತು ಊಹಿಸುವುದು ಸುಲಭ. ಆದರೆ ಅಂದಿನ ಪುಣೆಯಲ್ಲಿ ಪತ್ರಿಕೆಯೆಂದರೆ ಒಂದು ಪಕ್ಷವೇ ಆಗಿತ್ತು, ಎರಡು ಬಾಯಿಯ ಪಕ್ಷವನ್ನು ಯಾರೂ ಕಂಡಿರಲಿಲ್ಲ.

ಇದೆಲ್ಲ ತತ್ತ್ವದ ಬಣ್ಣ, ಒಳಗಿದ್ದದ್ದು ಹಣದ ಜಗಳ ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರ ಮುಖ್ಯ ದಾಖಲೆ ತಿಲಕರದೇ. 1890ರ ಡಿಸೆಂಬರಿನಲ್ಲಿ, ಶಾಲೆ ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿಗೆ ಬರೆದ ದೀರ್ಘ ರಾಜೀನಾಮೆ ಪತ್ರದಲ್ಲಿ ಅವರು ದೂರುವುದು ವಿಧವೆಯರ ವಿಷಯವನ್ನಲ್ಲ, ಸಂಬಳ ಮತ್ತು ಹೊರಗಿನ ಸಂಪಾದನೆಯನ್ನು. ಆಜೀವ ಸದಸ್ಯರು ಜೆಸುಯಿಟ್ ಪಾದ್ರಿಗಳಂತೆ ಇಡೀ ಹೊತ್ತು ಸಂಸ್ಥೆಗೇ ಕೊಡಬೇಕು, ಬೇರೆಲ್ಲಿಂದಾದರೂ ಏನು ಬಂದರೂ ಅದು ಸಂಸ್ಥೆಯ ನಿಧಿಗೆ ಸೇರಬೇಕು ಎಂಬುದು ತಿಲಕರ ಹಟ. ಸಂಸಾರ ಬೆಳೆದವರಿಗೆ ತಿಂಗಳ 75 ರೂಪಾಯಿ ಸಾಲದು, ಬಿಡುವಿನಲ್ಲಿ ಬರೆದು ಗಳಿಸಿದ್ದು ಬರೆದವನದೇ ಎಂಬುದು ಆಗರಕರ್ ಮತ್ತಿತರರ ವಾದ. ಸೊಸೈಟಿಯ ಯುವ ಸದಸ್ಯ ಗೋಪಾಲಕೃಷ್ಣ ಗೋಖಲೆ ‘ಸಾರ್ವಜನಿಕ ಸಭೆ’ ಎಂಬ ಹೊರಗಿನ ಸಂಸ್ಥೆಯ ಕಾರ್ಯದರ್ಶಿಯಾದದ್ದು ಈ ಜಗಳದ ಕೊನೆಯ ಕಿಡಿ. ಆದರೆ ಇಸವಿಗಳನ್ನು ನೋಡಬೇಕು. ‘ಕೇಸರಿ’ಯಲ್ಲಿನ ಒಡಕು 1887ರದು, ಸೊಸೈಟಿಯ ರಾಜೀನಾಮೆ 1890ರದು. ಸಂಬಳದ ತಕರಾರು ಮೊದಲೇ ಹೊಗೆಯಾಡುತ್ತಿದ್ದರೂ ಹೊತ್ತಿ ಉರಿದದ್ದು ಪತ್ರಿಕೆ ಬೇರೆಯಾದ ಮೇಲೆ. ಹಣವೊಂದೇ ಕಾರಣವಾಗಿದ್ದರೆ ಶಾಲೆ ಮೊದಲು ಒಡೆಯಬೇಕಿತ್ತು, ಪತ್ರಿಕೆ ಆಮೇಲೆ, ಆದದ್ದು ತಿರುಗುಮುರುಗು. ಶಾಲೆಯಲ್ಲಿ ಗಣಿತ ಕಲಿಸುವ ತಿಲಕರೂ ಇತಿಹಾಸ, ತರ್ಕ ಕಲಿಸುವ ಆಗರಕರೂ ಒಂದೇ ದನಿಯಲ್ಲಿ ಮಾತಾಡಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಪತ್ರಿಕೆಯಲ್ಲಿ ಅದು ವಾರ ವಾರವೂ ಬರುತ್ತಿತ್ತು. ಆದರೂ ಹಣಕ್ಕೆ ಒಂದು ಪಾತ್ರವಿತ್ತೆಂದು ಒಪ್ಪಲೇಬೇಕು: ಶಾಲೆ, ಮುದ್ರಣಾಲಯ, ಪತ್ರಿಕೆ, ಸಾಲ ಎಲ್ಲವೂ ಅದದೇ ಕೆಲವರ ಕೂಡುಕುಟುಂಬದ ಆಸ್ತಿಯಂತಿದ್ದುದರಿಂದ, ಅಭಿಪ್ರಾಯದಲ್ಲಿ ಸೋತವನಿಗೆ ಅಲ್ಲೇ ಪಕ್ಕದ ಕೋಣೆಗೆ ಸರಿಯಲು ಜಾಗವಿರಲಿಲ್ಲ. ಪೂರ್ತಿ ಹೊರಗೆ ಹೋಗಬೇಕಿತ್ತು. 1891ರಲ್ಲಿ ಎರಡೂ ಪತ್ರಿಕೆಗಳು ಸಾಲದ ಸಮೇತ ತಿಲಕರೊಬ್ಬರ ಒಡೆತನಕ್ಕೆ ಬಂದು, ಆರ್ಯಭೂಷಣ ಮುದ್ರಣಾಲಯ ಉಳಿದ ಪಾಲುದಾರರಿಗೆ ಹೋಯಿತು. ಆ ಮೇಲೆ ‘ಕೇಸರಿ’ಯ ‘ನಾವು’ ಯಾರೆಂಬ ಪ್ರಶ್ನೆಯೇ ಏಳಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು: ತಿಲಕರು ಹಳೆಯ ಕಟ್ಟಳೆಗಳ ಕಾವಲುಗಾರ, ಆಗರಕರ್ ಹೊಸ ಬೆಳಕು, ಇವರು ಕೂಡಿದ್ದೇ ಅಚ್ಚರಿ ಎಂಬುದು. ದಾಖಲೆ ಅಷ್ಟು ಸರಳವಾಗಿಲ್ಲ. ಹೆಣ್ಣುಮಕ್ಕಳಿಗೆ 16, ಗಂಡುಮಕ್ಕಳಿಗೆ 20 ತುಂಬುವ ಮೊದಲು ಮದುವೆ ಮಾಡುವುದಿಲ್ಲ, ವರದಕ್ಷಿಣೆ ಕೊಡುವುದಿಲ್ಲ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ಸುಧಾರಕರು ತಾವೇ ಪ್ರತಿಜ್ಞೆ ಮಾಡಲಿ ಎಂದು 1890ರಲ್ಲಿ ಮುಂದೆ ಬಂದವರು ತಿಲಕರು. ಸರ್ಕಾರ ಹೇಳುತ್ತಿದ್ದುದಕ್ಕಿಂತ ಅದು ಮುಂದಿನ ಹೆಜ್ಜೆ. ಪರಕೀಯ ಸರ್ಕಾರದ ಕಾಯ್ದೆ ನಮ್ಮ ಮನೆಯೊಳಗೆ ಕಾಲಿಡಬಾರದೆಂಬುದು ಅವರ ಪಟ್ಟು. ಆಗರಕರ್ ಉತ್ತರ ಅಷ್ಟೇ ನೇರ: ಹತ್ತು ವರ್ಷದ ಮಗುವಿಗೆ ಪ್ರತಿಜ್ಞೆ ಮಾಡುವವರು ದೊಡ್ಡವರಾಗುವವರೆಗೆ ಕಾಯುವ ಶಕ್ತಿಯಿಲ್ಲ. ಕಲ್ಕತ್ತೆಯಲ್ಲಿ ಫುಲಮಣಿ ಎಂಬ ಬಾಲವಧು ಗಂಡನ ಬಲಾತ್ಕಾರದಿಂದ ಸತ್ತ ಮೊಕದ್ದಮೆ ಆಗಷ್ಟೇ ಮುಗಿದಿತ್ತು. 1891ರ ಮಾರ್ಚಿನಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಕಾಯ್ದೆ ಬಂದಾಗ ‘ಕೇಸರಿ’ ವಿರೋಧಿಸಿತು, ‘ಸುಧಾರಕ’ ಬೆಂಬಲಿಸಿತು. ಈ ಒಂದು ವಿಷಯದಲ್ಲಿ ತಿಲಕರು ತಪ್ಪಿದರು ಎಂದು ಹೇಳದೆ ಇರಲಾಗದು. ಕಾಯ್ದೆ ಮಾಡಿದವನು ಪರಕೀಯನಾದ ಮಾತ್ರಕ್ಕೆ ಆ ಮಗುವಿನ ನೋವು ಸ್ವಕೀಯವಲ್ಲದೆ ಹೋಗುವುದಿಲ್ಲ. ಆದರೂ ತಿಲಕರ ನಿಲುವಿನಲ್ಲಿ ಒಂದು ವಿಚಾರವಿತ್ತು, ಕೇವಲ ಕರ್ಮಠತನವಲ್ಲ. ಹಾಗಾಗಿಯೇ ಇಬ್ಬರೂ ಅಷ್ಟು ವರ್ಷ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬಲ್ಲವರಾಗಿದ್ದರು.

ಜೋಡಿ ಮುರಿದದ್ದರಿಂದ ನಷ್ಟವಾಯಿತೇ? ಆಗರಕರ್ ಬದುಕಿಗಂತೂ ಆಯಿತು. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ ಶಿಕ್ಷಣ, ಅದೂ ಒಟ್ಟಿಗೇ ಕೊಡಬೇಕೆಂದು ಬರೆದವರ ಅಣಕು ಶವಯಾತ್ರೆಯನ್ನು ಪುಣೆಯ ಸನಾತನಿಗಳು ಅವರು ಬದುಕಿರುವಾಗಲೇ ಅವರ ಮನೆಯ ಮುಂದಿನಿಂದ ಸಾಗಿಸಿದರು. 1892ರಲ್ಲಿ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದ ಆಗರಕರ್, ಬಹುಕಾಲದ ಉಬ್ಬಸದಿಂದ ಬಳಲಿ 1895ರ ಜೂನ್ 17ರಂದು, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ‘ಕೇಸರಿ’ಯಲ್ಲಿ ಅವರ ಬಗ್ಗೆ ಮರಣಲೇಖ ಬರೆದವರು ತಿಲಕರೇ. ಆದರೆ ಓದುಗರ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. 1887ರವರೆಗೆ ಒಂದು ಪತ್ರಿಕೆಯೊಳಗೆ ಅದುಮಿಟ್ಟಿದ್ದ ವಾದ ಆ ಮೇಲೆ ಬೀದಿಗೆ ಬಂತು. ‘ಸುಧಾರಕ’ದಲ್ಲಿ ಮರಾಠಿ ಪುಟಗಳನ್ನು ಆಗರಕರ್, ಇಂಗ್ಲಿಷ್ ಪುಟಗಳನ್ನು ಗೋಖಲೆ ಬರೆದರು. ಇಬ್ಬರು ಸೇರಿ ಒಂದು ಪತ್ರಿಕೆ ನಡೆಸುವುದು ಅಸಾಧ್ಯವೇನಲ್ಲ, ಮುಖ್ಯ ವಿಷಯದಲ್ಲಿ ಮನಸ್ಸು ಕೂಡಿರಬೇಕು ಅಷ್ಟೆ ಎಂಬುದಕ್ಕೆ ಈ ಎರಡನೆಯ ಜೋಡಿ ಸಾಕ್ಷಿ. ಆಗರಕರ್ ‘ಕೇಸರಿ’ಯಲ್ಲೇ ಉಳಿದಿದ್ದರೆ ಸ್ತ್ರೀಶಿಕ್ಷಣ, ವಿಧವಾ ವಿವಾಹ, ವಿವೇಕವಾದದ ಬಗೆಗಿನ ಅವರ ಅತಿ ಒಳ್ಳೆಯ ನಿಬಂಧಗಳು ಹುಟ್ಟುತ್ತಿರಲಿಲ್ಲ. ಕನ್ನಡನಾಡಿಗೆ ಮಾತ್ರ ಈ ವಾದದ ಎರಡೂ ಭಾಗ ಸಮನಾಗಿ ತಲುಪಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡಗಳ ಓದುಬಲ್ಲವರು ‘ಕೇಸರಿ’ಯನ್ನು ಓದಿ ಬೆಳೆದರು, ಫರ್ಗ್ಯುಸನ್ನಿನಲ್ಲಿ ಕಲಿತ ಆಲೂರು ವೆಂಕಟರಾಯರು ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದರು, ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ತಿಲಕರ ಬಲಗೈಯಾದರು, 1916ರಲ್ಲಿ ತಿಲಕರ ಹೋಮ್ ರೂಲ್ ಲೀಗ್ ಸ್ಥಾಪನೆಯಾದದ್ದೂ ಬೆಳಗಾವಿಯಲ್ಲೇ. ಅದೇ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಆಗರಕರ್ ಹೆಸರಿಗೆ ಕನ್ನಡದಲ್ಲಿ ಅಷ್ಟು ನೆಲೆ ಸಿಗಲಿಲ್ಲ. ಮರಾಠಿಯಲ್ಲಿ ವಿಶ್ರಾಮ ಬೇಡೇಕರ್ ಈ ಜೋಡಿಯ ಕುರಿತು ‘ತಿಲಕ ಆಣಿ ಆಗರಕರ್’ ಎಂಬ ನಾಟಕವನ್ನೇ ಬರೆದರು.

ಒಂದೇ ವೇದಿಕೆಯಿಂದ ಎರಡು ಮಾತು ಹೇಳಲಾಗದ ತೊಡಕು ಇಬ್ಬರು ಗೆಳೆಯರ ಸ್ವಭಾವಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಕೊನೆಯ ಸಾಕ್ಷಿ ಆಗರಕರ್ ತೀರಿದ ಆರು ತಿಂಗಳಿಗೇ ಸಿಕ್ಕಿತು. 1895ರ ಡಿಸೆಂಬರಿನಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಪುಣೆಯಲ್ಲಿ ನಡೆಯಿತು. ಕಾಂಗ್ರೆಸ್ ಮುಗಿದ ಮೇಲೆ ಅದೇ ಮಂಟಪದಲ್ಲಿ ಸಮಾಜ ಸುಧಾರಣೆಯ ಪರಿಷತ್ತನ್ನು ಸೇರಿಸುವುದು ಅಲ್ಲಿಯವರೆಗಿನ ಪದ್ಧತಿ. ಕಾಂಗ್ರೆಸ್ಸಿಗೆ ಚಂದಾ ಕೊಟ್ಟ ಎಲ್ಲರೂ ಸುಧಾರಣೆಗೆ ಒಪ್ಪಿದವರಲ್ಲ, ಅವರ ದುಡ್ಡಿನ ಮಂಟಪದಲ್ಲಿ ಆ ಮಾತು ಬೇಡವೆಂದು ತಿಲಕರ ಕಡೆಯವರು ಪಟ್ಟು ಹಿಡಿದರು. ಪರಿಷತ್ತಿನ ಮುಂದಾಳು ಮಹಾದೇವ ಗೋವಿಂದ ರಾನಡೆಯವರು ಜಗಳ ಬೆಳೆಸದೆ ಒಪ್ಪಿ, ಪರಿಷತ್ತನ್ನು ಬೇರೆ ಜಾಗದಲ್ಲಿ ನಡೆಸಿದರು.