ಅಗ್ಗದ ಮಾತ್ರೆ, ಬಡವರ ಚರ್ಮ

ಔಷಧಿಗೂ ವರ್ಗ ಉಂಟು. ನಂಬಿಕೆ ಬಾರದವರು ಥಯಾಸೆಟಜೋನ್ ಎಂಬ ಕ್ಷಯದ ಮಾತ್ರೆಯ ಕತೆ ಕೇಳಬೇಕು.

1940ರ ದಶಕದಲ್ಲಿ ಜರ್ಮನಿಯ ಡೊಮಾಕ್ ಮತ್ತು ಸಂಗಡಿಗರು ಹೊರತಂದ ಈ ಮದ್ದಿನ ದೊಡ್ಡ ಗುಣ ಅಂದರೆ ಅಗ್ಗ. 1960ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲೂ ಮದರಾಸಿನಲ್ಲೂ ಪರೀಕ್ಷೆಗಳು ನಡೆದವು. ಐಸೋನಿಯಾಜಿಡ್ ಜೊತೆ ಸೇರಿಸಿದ ಈ ಮಾತ್ರೆ ಬಡ ದೇಶಗಳ ಪಾಲಿನ ಔಷಧಿಯಾಯಿತು. ನಮ್ಮ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದಲ್ಲೂ ಇದೇ ಜೋಡಿ ನಡೆಯಿತು. ಆಮೇಲೆ ರಿಫಾಂಪಿಸಿನ್ ಬಂತು. ಒಳ್ಳೆಯ ಮದ್ದು, ಆದರೆ ದುಬಾರಿ. ಉಳ್ಳ ದೇಶಗಳು ಅದಕ್ಕೆ ಹೋದವು. ಆಫ್ರಿಕಾದ ಸರ್ಕಾರಿ ಆಸ್ಪತ್ರೆಯ ರೋಗಿಗೆ ಹಳೆಯದೇ ಗತಿ.

1980ರ ದಶಕದಲ್ಲಿ ಎಚ್.ಐ.ವಿ. ಹಬ್ಬಿತು. ಅದು ಮೈಯ ಕಾವಲನ್ನು ಮುರಿಯುತ್ತದೆ, ಒಳಗೆ ಮಲಗಿದ್ದ ಕ್ಷಯ ಎದ್ದು ಕೂರುತ್ತದೆ. ನೈರೋಬಿಯಲ್ಲಿ ಇಂಥವರು ಕ್ಷಯ ವಾಸಿಯಾಗಲಿ ಅಂತ ಈ ಮಾತ್ರೆ ನುಂಗಿದರು. ವಾರಗಳಲ್ಲೇ ತುರಿಕೆ, ದದ್ದು. ಕೆಲವರಿಗೆ ಗುಳ್ಳೆ ಎದ್ದು, ಬೆಂಕಿಯಲ್ಲಿ ಸುಟ್ಟವರ ಹಾಗೆ ಚರ್ಮ ಸುಲಿಯಿತು. ಇಂಥ ಸ್ಥಿತಿಯಲ್ಲಿ ಬಾಯಿ, ಕಣ್ಣು, ಜನನಾಂಗದ ಒಳಪೊರೆಯೂ ಕಿತ್ತುಬರುತ್ತದೆ. ಗಂಜಿ ನುಂಗಲಿಕ್ಕೂ ಆಗುವುದಿಲ್ಲ. ಸತ್ತವರೂ ಇದ್ದರು. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೆಕ್ಕ ಬಂತು: ಎಚ್.ಐ.ವಿ. ಇದ್ದವರಲ್ಲಿ ನೂರಕ್ಕೆ 20 ಮಂದಿಗೆ ಚರ್ಮದ ಈ ತೊಂದರೆ, ಇಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ.

1992ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು: ಎಚ್.ಐ.ವಿ. ಇರುವವರಿಗೆ ಇದು ಬೇಡ, ಎಥಾಂಬುಟಾಲ್ ಕೊಡಿ. ಸರಿಯಾದ ಮಾತೇ. ಆದರೆ ಎಚ್.ಐ.ವಿ. ಇದೆಯೋ ಇಲ್ಲವೋ ಗೊತ್ತಾಗಲು ರಕ್ತಪರೀಕ್ಷೆ ಬೇಕು, ಅದಕ್ಕೆ ದುಡ್ಡು ಬೇಕು. ಬದಲಿ ಮಾತ್ರೆಗೂ ದುಡ್ಡು ಬೇಕು. ದುಡ್ಡಿಲ್ಲದ ಕಡೆ ರೋಗಿಗೆ ಸಿಕ್ಕಿದ್ದು ಬರೀ ಬುದ್ಧಿಮಾತು: ಮೈ ತುರಿಸಿದರೆ ಮಾತ್ರೆ ನಿಲ್ಲಿಸಿ, ಆಸ್ಪತ್ರೆಗೆ ಬನ್ನಿ. ಬಸ್ಸಿಲ್ಲದ ಊರಿನವನು ಹೇಗೆ ಬರಬೇಕು? 1994ರಲ್ಲಿ ಉಗಾಂಡದ ಅಧ್ಯಯನವೊಂದು ರಿಫಾಂಪಿಸಿನ್ ಪಡೆದವರಲ್ಲಿ ಇಂಥ ತೊಂದರೆ ತೀರಾ ಕಡಿಮೆ ಅಂತ ತೋರಿಸಿತು. ಅಂದರೆ ಲೋಕದಲ್ಲಿ ಒಳ್ಳೆಯ ಮದ್ದು ಇತ್ತು. ರೋಗಿಗೂ ಮದ್ದಿಗೂ ನಡುವೆ ಬೆಲೆ ನಿಂತಿತ್ತು.

ನಮ್ಮಲ್ಲಿ 1997ರಲ್ಲಿ ಶುರುವಾದ ಪರಿಷ್ಕೃತ ಕ್ಷಯ ಕಾರ್ಯಕ್ರಮ ರಿಫಾಂಪಿಸಿನ್ ಬಳಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ವ್ಯಾಪಕಗೊಳಿಸಿತು. ಹಳೆಯ ಮಾತ್ರೆ ಮರೆಗೆ ಸರಿಯಿತು. ಪಾಠ ಮರೆಯಬಾರದು.

ಎಚ್.ಐ.ವಿ. ಇರುವವರ ಮೈಮೇಲೆ ಏನೇ ಎದ್ದರೂ ಪಾಪದ ಫಲ ಅನ್ನುವ ಬಾಯಿಗಳು ಇನ್ನೂ ಇವೆ. ಕಾರ್ಯಕರ್ತರೆ, ಮೇಷ್ಟ್ರುಗಳೆ, ಹೊಸ ಮಾತ್ರೆ ಶುರುಮಾಡಿದ ಮೇಲೆ ದದ್ದಿನ ಜೊತೆ ಬಾಯಿ ಹುಣ್ಣಾದರೆ, ಕಣ್ಣು ಕೆಂಪಾದರೆ, ಆ ಬಾಯಿಗಳಿಗೆ ಕಿವಿಗೊಡಬೇಡಿ. ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಮೇಲೆ ಕೇಳಿ: ಈ ಮಾತ್ರೆಯನ್ನೇ ಇವರಿಗೆ ಯಾಕೆ ಕೊಟ್ಟಿರಿ? ಇದಕ್ಕಿಂತ ಒಳ್ಳೆಯದು ಯಾರಿಗೆ ಹೋಯಿತು?