ವಿಹಾರದ ಹೊತ್ತು, ಬಿರುಗಾಳಿಯ ಹೊತ್ತು: ಭೀಮಾ–ಕೃಷ್ಣಾ ಹಿನ್ನೀರಿನಲ್ಲಿ ದೋಣಿ ಸುರಕ್ಷತೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲಿರುವ ಝಳಕಿ ಒಣಬೇಸಾಯದ ಸೀಮೆಯ ಊರು. ದೋಣಿಯ ಮಾತಿಗೂ ಈ ಊರಿಗೂ ಮೇಲ್ನೋಟಕ್ಕೆ ನಂಟು ಕಾಣುವುದಿಲ್ಲ. ಆದರೆ ಇದೇ ರಾಷ್ಟ್ರೀಯ ಹೆದ್ದಾರಿ 52 ಉತ್ತರಕ್ಕೆ ಧೂಳಖೇಡದ ಬಳಿ ಭೀಮೆಯನ್ನು ದಾಟುತ್ತದೆ, ದಕ್ಷಿಣಕ್ಕೆ ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರನ್ನು ದಾಟುತ್ತದೆ. ಭೀಮೆಯ ಮೇಲ್ಭಾಗದಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯವಿದೆ. ಕೃಷ್ಣೆಯಲ್ಲಿ ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ, ಅದರ ಕೆಳಗೆ ನಾರಾಯಣಪುರದ ಬಸವಸಾಗರ ಇವೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ಬಯಲು ಈ ನೀರುಗಳ ನಡುವೆ ಹರಡಿಕೊಂಡಿದೆ. ನೀರಿಗೆ ಬಡಿಯುವ ಬೇಸಿಗೆಯ ಬಿರುಗಾಳಿ ಈ ಬಯಲಿನಲ್ಲೇ ಹುಟ್ಟುತ್ತದೆ.

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ ಅಡಿ. ನದಿಯಿದ್ದಲ್ಲಿ ಸರೋವರವೇ ನಿಂತಿದೆ. ನದಿಯನ್ನು ಅಡ್ಡ ದಾಟುವ ರೂಢಿಗೆ ತಕ್ಕಂತೆ ಬೆಳೆದ ತೆಪ್ಪ, ಸಣ್ಣ ದೋಣಿಗಳು ಈಗ ಇಂಥ ಅಗಲವಾದ ನೀರಿನಲ್ಲಿ ಓಡಾಡುತ್ತಿವೆ. ಜತೆಗೆ ಪ್ರವಾಸಿಗರ ದೋಣಿವಿಹಾರವೂ ಸೇರಿಕೊಂಡಿದೆ.

ಈ ಟಿಪ್ಪಣಿಯ ವಾದ ಇಷ್ಟು: ಈ ಸೀಮೆಯ ಹಿನ್ನೀರಿನಲ್ಲಿ ಅಪಾಯ ತರುವ ಗಾಳಿ ಎರಡು ಬಗೆಯದು. ಒಂದಕ್ಕೆ ಗಡಿಯಾರ ನೋಡಿ ನಿಯಮ ಮಾಡಬೇಕು, ಇನ್ನೊಂದಕ್ಕೆ ಜಾಗ ನೋಡಿ ಮಾಡಬೇಕು. ಎರಡಕ್ಕೂ ‘ಎಚ್ಚರಿಕೆಯಿಂದ ದೋಣಿ ನಡೆಸಿ’ ಎಂಬ ಒಂದೇ ಸೂಚನೆ ಸಾಲದು. ಏಕೆಂದರೆ ನೀರಿನ ನಡುವೆ ಇರುವ ದೋಣಿಯವನಿಗೆ ನಿರ್ಧಾರ ಮಾಡುವಷ್ಟು ಸಮಯ ಸಿಗುವುದಿಲ್ಲ.

2. ಎರಡು ಅವಘಡಗಳು

2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ, ಕರಮಾಳಾ ತಾಲ್ಲೂಕಿನ ಕುಗಾಂವ ಮತ್ತು ಇಂದಾಪುರ ತಾಲ್ಲೂಕಿನ ಕಳಾಶಿ ನಡುವೆ ಪ್ರಯಾಣಿಕರ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಮಗುಚಿತು. ಅದರಲ್ಲಿದ್ದ ಏಳು ಮಂದಿಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಈಜಿ ದಡ ಸೇರಿದರು. ಉಳಿದ ಆರು ಮಂದಿ ತೀರಿಕೊಂಡರು, ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ರೈತರ ಲೆಕ್ಕದಲ್ಲಿ ಅದು ಕೃತ್ತಿಕಾ ಮಳೆಯ ಕಾಲ, ಅಂದರೆ ಅಡ್ಡಮಳೆಯ ದಿನಗಳು.

ಅದೇ ವರ್ಷ ಜುಲೈ ಮೊದಲ ವಾರದಲ್ಲಿ ವಿಜಯಪುರ ಜಿಲ್ಲೆಯ ಕೊಲ್ಹಾರ ತಾಲ್ಲೂಕಿನ ಬಳೂತಿ ಜಾಕ್‌ವೆಲ್ ಬಳಿ, ದಡದಿಂದ ಅವಸರದಲ್ಲಿ ಹೊರಟ ತೆಪ್ಪವೊಂದು ಕೃಷ್ಣೆಯ ಹಿನ್ನೀರಿನಲ್ಲಿ ಗಾಳಿಗೆ ಮಗುಚಿ ಹಲವರು ಸತ್ತರು.

ಎರಡೂ ವಿಹಾರದ ದೋಣಿಗಳಲ್ಲ. ಆದರೂ ವಿಹಾರದ ಪ್ರಶ್ನೆಗೆ ಇವೇ ಹತ್ತಿರದ ಸಾಕ್ಷ್ಯ, ಏಕೆಂದರೆ ನೀರು ಅದೇ, ಗಾಳಿ ಅದೇ, ದೋಣಿಯ ಗಾತ್ರವೂ ಹೆಚ್ಚುಕಡಿಮೆ ಅದೇ. ದಿನವೂ ಆ ನೀರು ದಾಟುವವರಿಗೇ ಹೀಗಾದರೆ, ಈಜು ಬಾರದ, ನೀರಿನ ಪರಿಚಯವಿಲ್ಲದ ಪ್ರವಾಸಿಗರ ಪಾಡು ಇನ್ನೂ ಕಷ್ಟ. ಎರಡನ್ನೂ ‘ಬಿರುಗಾಳಿಗೆ ಮಗುಚಿದ ದೋಣಿ’ ಎಂದು ಒಂದೇ ಸಾಲಿಗೆ ಸೇರಿಸಿಬಿಡಬಹುದು. ಆದರೆ ಮೇ ತಿಂಗಳ ಸಂಜೆಯ ಗಾಳಿಗೂ ಜುಲೈ ತಿಂಗಳ ಗಾಳಿಗೂ ಸ್ವಭಾವ ಬೇರೆ.

3. ಗಾಳಿ ಎರಡು ಬಗೆ

ಮೊದಲನೆಯದು ಗುಡುಗುಮಳೆಯ ಮುಂಗಾಳಿ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ಕಾದ ನೆಲದಿಂದ ಮೇಲೇರಿದ ಗಾಳಿ ದೊಡ್ಡ ಮೋಡ ಕಟ್ಟುತ್ತದೆ. ವಿಜಯಪುರದ ಕಡೆ ಮೋಡದ ತಳ ಎತ್ತರದಲ್ಲಿರುತ್ತದೆ, ಕೆಳಗಿನ ಗಾಳಿ ಒಣಗಿರುತ್ತದೆ. ಸುರಿದ ಹನಿಗಳು ದಾರಿಯಲ್ಲೇ ಆವಿಯಾಗುತ್ತವೆ. ಹಾಗೆ ಆವಿಯಾಗುವಾಗ ಸುತ್ತಲಿನ ಗಾಳಿ ತಂಪಾಗಿ, ಭಾರವಾಗಿ ನೆಲಕ್ಕೆ ಧುಮುಕುತ್ತದೆ, ನೆಲ ಮುಟ್ಟಿದೊಡನೆ ಸುತ್ತಲೂ ಹರಡುತ್ತದೆ. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಜೋರು ಎಂದು ರೈತರು ಬೈದುಕೊಳ್ಳುವುದಕ್ಕೆ ಕಾರಣ ಇದೇ. ಇಂಡಿ ಕಡೆಯ ಲಿಂಬೆ ತೋಟದಲ್ಲಿ ಕಾಯಿ ಉದುರುವುದು, ಒಣದ್ರಾಕ್ಷಿ ಶೆಡ್ಡಿನ ಪತ್ರಾಸ್ ಹಾರುವುದು, ಬಾಳೆ ನೆಲ ಕಚ್ಚುವುದು ಈ ಗಾಳಿಗೆ. ಹವಾಮಾನ ಶಾಸ್ತ್ರದ ವ್ಯಾಖ್ಯೆಯಂತೆ ಗಾಳಿಯ ವೇಗ ಏಕಾಏಕಿ ಸೆಕೆಂಡಿಗೆ 8 ಮೀಟರಿನಷ್ಟಾದರೂ ಹೆಚ್ಚಿ, 11 ಮೀಟರ್ (ಗಂಟೆಗೆ ಸುಮಾರು 40 ಕಿ.ಮೀ.) ಮುಟ್ಟಿ, ಒಂದು ನಿಮಿಷವಾದರೂ ನಿಂತರೆ ಅದು ‘ಸ್ಕ್ವಾಲ್’.

ಎರಡನೆಯದು ಮುಂಗಾರಿನ ಪಡುವಣ ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಗಂಟೆಗಟ್ಟಲೆ, ದಿನಗಟ್ಟಲೆ ಬೀಸುತ್ತದೆ. ಇದರಲ್ಲಿ ಗುಡುಗಿಲ್ಲ, ಧೂಳಿಲ್ಲ. ಅನಿರೀಕ್ಷಿತವೂ ಅಲ್ಲ. ಆದರೆ ಕೃಷ್ಣೆ ಇಲ್ಲಿ ಒಟ್ಟಾರೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವುದರಿಂದ ಈ ಗಾಳಿ ಹಿನ್ನೀರಿನ ಉದ್ದಕ್ಕೂ ಓಡಿಬರುತ್ತದೆ.

4. ಅಲೆಯ ಲೆಕ್ಕ

ಗಾಳಿಯಿಂದ ಏಳುವ ಅಲೆಯ ಎತ್ತರವನ್ನು ಮೂರು ಸಂಗತಿ ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸಿದ ಅವಧಿ, ನೀರಿನ ಮೇಲೆ ಅಡೆತಡೆಯಿಲ್ಲದೆ ಓಡಿದ ದೂರ. ಅಮೆರಿಕದ ಸೇನಾ ಎಂಜಿನಿಯರುಗಳ ‘ಶೋರ್ ಪ್ರೊಟೆಕ್ಷನ್ ಮ್ಯಾನುಯಲ್’ (1984) ಕೊಡುವ ಸೂತ್ರಗಳನ್ನು ಇಲ್ಲಿನ ಹಿನ್ನೀರಿಗೆ ಅನ್ವಯಿಸಿ ಸ್ಥೂಲ ಲೆಕ್ಕ ಹಾಕಬಹುದು. ಕೆಳಗಿನ ಎತ್ತರಗಳು ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ. ಬಿಡಿ ಅಲೆಯೊಂದು ಇದರ ಒಂದೂವರೆ ಪಟ್ಟಿಗೂ ಮೀರಿ ಏಳಬಹುದು.

ಗಂಟೆಗೆ 54 ಕಿ.ಮೀ. ವೇಗದ ಗಾಳಿ ಹತ್ತು ನಿಮಿಷ ಬೀಸಿದರೆ ಅಲೆ ಸುಮಾರು 20 ಸೆಂ.ಮೀ. ಏಳುತ್ತದೆ. ಗಂಟೆಗೆ 90 ಕಿ.ಮೀ. ಆದರೆ ಅಷ್ಟೇ ಹೊತ್ತಿನಲ್ಲಿ ಸುಮಾರು 40 ಸೆಂ.ಮೀ. ಇನ್ನು ಮುಂಗಾರಿನ ಸಾಧಾರಣ ಬಿರುಸಿನ ಗಾಳಿ ನೋಡೋಣ. ಗಂಟೆಗೆ 36 ಕಿ.ಮೀ. ವೇಗದಲ್ಲಿ 10 ಕಿ.ಮೀ. ತೆರೆದ ನೀರಿನ ಮೇಲೆ ಎರಡು ಗಂಟೆ ಬೀಸಿದರೆ ಅಲೆ 60 ಸೆಂ.ಮೀ. ಮುಟ್ಟುತ್ತದೆ. ಅದೇ ಗಾಳಿ, ಗುಡ್ಡದ ಮರೆಯಲ್ಲಿ ಅರ್ಧ ಕಿ.ಮೀ. ಮಾತ್ರ ತೆರೆದಿರುವ ಮೂಲೆಯಲ್ಲಿ, 14 ಸೆಂ.ಮೀ. ಅಲೆಯನ್ನಷ್ಟೇ ಎಬ್ಬಿಸೀತು.

ಇದರಿಂದ ತಿಳಿಯುವುದೇನು? ದಡದಲ್ಲಿ ನಿಂತವರಿಗೆ ಸಾಧಾರಣವೆನಿಸುವ ಮುಂಗಾರು ಗಾಳಿ, ತಪ್ಪು ಜಾಗದಲ್ಲಿ, ಹತ್ತು ನಿಮಿಷದ ಬಿರುಗಾಳಿಗಿಂತ ದೊಡ್ಡ ಅಲೆ ಎಬ್ಬಿಸಬಲ್ಲದು. ಹಾಗೆಂದು ಬಿರುಗಾಳಿ ಕಡಿಮೆ ಅಪಾಯದ್ದಲ್ಲ. ಅದರ ಮೊದಲ ಪೆಟ್ಟು ಅಲೆಯದಲ್ಲ, ಗಾಳಿಯದೇ. ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 4 ಕೆ.ಜಿ. ಭಾರದಷ್ಟು ಒತ್ತಿದರೆ, 90 ಕಿ.ಮೀ. ಗಾಳಿ ಸುಮಾರು 35 ಕೆ.ಜಿ. ಒತ್ತುತ್ತದೆ. ಬಿಸಿಲಿಗೆಂದು ಚಾವಣಿ ಹಾಕಿ, ಪಕ್ಕಕ್ಕೆ ನಾಲ್ಕು ಚದರ ಮೀಟರ್ ಪರದೆ ಇಳಿಬಿಟ್ಟ ದೋಣಿಯನ್ನು ಆಗ ಸುಮಾರು 140 ಕೆ.ಜಿ. ಭಾರ ಮೇಲಿನಿಂದ ಪಕ್ಕಕ್ಕೆ ತಳ್ಳುತ್ತದೆ.

ಇದಕ್ಕೆ ಜನರ ಭಾರ ಸೇರುತ್ತದೆ. ನೀರಿನ ಮಟ್ಟದಲ್ಲಿ 6 ಚದರ ಮೀಟರ್ ಹರವಿರುವ ದೋಣಿ ಪ್ರತಿ 60 ಕೆ.ಜಿ.ಗೆ ಒಂದು ಸೆಂ.ಮೀ. ಇಳಿಯುತ್ತದೆ. ಆರು ಮಂದಿ ಹೆಚ್ಚು ಹತ್ತಿದರೆ ಆರು ಸೆಂ.ಮೀ. ಅಂಚು ನೀರಿಂದ ಒಂದು ಗೇಣು ಮಾತ್ರ ಮೇಲಿರುವ ದೋಣಿಗೆ ಅದು ಸಣ್ಣ ನಷ್ಟವಲ್ಲ. ಗಾಳಿ ಬಂದಾಗ ಎಲ್ಲರೂ ಒಂದೇ ಮಗ್ಗುಲಿಗೆ ಸರಿದರೆ ಲೆಕ್ಕ ಮುಗಿದಂತೆ. ಗಾಳಿಯೇ ಇಲ್ಲದ ಹೊತ್ತಿನಲ್ಲೂ ಹೀಗಾಗಬಹುದು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 45 ಪ್ರವಾಸಿಗರ ಸಾವಿಗೆ ಕಾರಣವಾದ ಅವಘಡದಲ್ಲಿ ದೋಣಿಯ ಸಮತೋಲವೇ ಮುಖ್ಯ ಪ್ರಶ್ನೆಯಾಗಿತ್ತು.

ತೆಪ್ಪದ ಕಥೆ ಸ್ವಲ್ಪ ಬೇರೆ. ದೋಣಿಯಾದರೆ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ ನಿಲ್ಲಿಸಬಹುದು. ದುಂಡಗಿನ ತೆಪ್ಪಕ್ಕೆ ಮುಂದು–ಹಿಂದು ಇಲ್ಲ. ಗಾಳಿ ಜೋರಾದರೆ ಅದು ತಿರುಗುತ್ತ, ಗಾಳಿ ಒಯ್ದತ್ತ ಸಾಗುತ್ತದೆ. ಒಂದೇ ಹುಟ್ಟಿನ ಬಲದಿಂದ ಅದನ್ನು ಹಿಡಿದು ನಿಲ್ಲಿಸುವುದು ಪಳಗಿದ ಅಂಬಿಗನಿಗೂ ಕಷ್ಟ.

5. ಸಮಯದ ಲೆಕ್ಕ

ಗುಡುಗುಮಳೆಯ ಮುಂಗಾಳಿ ಮಳೆಗಿಂತ ಹಲವು ಕಿಲೋಮೀಟರ್ ಮುಂದೆ ಓಡುತ್ತದೆ. ಗಂಟೆಗೆ 45 ಕಿ.ಮೀ. ವೇಗದಲ್ಲಿ ಬಂದರೆ 10 ಕಿ.ಮೀ. ದೂರವನ್ನು ಹದಿಮೂರು ನಿಮಿಷದಲ್ಲಿ ದಾಟುತ್ತದೆ. ಗುಡುಗು ಕಿವಿಗೆ ಬೀಳುವ ಅಂತರವೂ ಹೆಚ್ಚೆಂದರೆ 15 ಕಿ.ಮೀ. ಆಸುಪಾಸು. ಅಂದರೆ ಮೊದಲ ಗುಡುಗು ಕೇಳಿದ ಮೇಲೆ ಕಾಲು ಗಂಟೆಯಷ್ಟೇ ಉಳಿದಿರುತ್ತದೆ. ದಡದಿಂದ ಒಂದೂವರೆ ಕಿ.ಮೀ. ಒಳಗಿರುವ, ಗಂಟೆಗೆ 10 ಕಿ.ಮೀ. ಓಡುವ ಎಂಜಿನ್ ದೋಣಿ ಹಿಂತಿರುಗಲು ಒಂಬತ್ತು ನಿಮಿಷ ಬೇಕು. ಮೋಡ ನೋಡಿ, ‘ಇನ್ನೊಂದು ಸುತ್ತು’ ಎಂಬ ಒತ್ತಾಯ ತಳ್ಳಿಹಾಕಿ, ದೋಣಿ ತಿರುಗಿಸುವ ಹೊತ್ತಿಗೆ ಉಳಿದ ನಿಮಿಷಗಳೂ ಮುಗಿದಿರುತ್ತವೆ. ಪೆಡಲ್ ದೋಣಿಯ ವೇಗ ಇದರ ಅರ್ಧವೂ ಇಲ್ಲ.

ನೆಲದ ಮೇಲೆ ಈ ಗಾಳಿಗೆ ಗುರುತಿದೆ. ಝಳಕಿ ಕ್ರಾಸಿನಲ್ಲಿ ನಿಂತವನಿಗೆ ಉತ್ತ ಹೊಲಗಳ ಮೇಲೆ ಧೂಳು ಎದ್ದು ಬರುವುದು ದೂರದಿಂದಲೇ ಕಾಣುತ್ತದೆ, ಅಂಗಡಿಯವರು ಶಟರ್ ಎಳೆಯಲು ಸಮಯ ಸಿಗುತ್ತದೆ. ಅಗಲವಾದ ನೀರಿನ ಮೇಲೆ ಧೂಳಿಲ್ಲ. ಬಿಳಿಚಿದ ನೀರು ಒಂದು ಕಡೆಯಿಂದ ಕಪ್ಪಾಗುತ್ತ ಬರುವುದೊಂದೇ ಗುರುತು. ಅದು ಕಾಣುವಾಗ ಗಾಳಿ ಒಂದೆರಡು ನಿಮಿಷದ ದೂರದಲ್ಲಿರುತ್ತದೆ. ನೆಲದ ಮೇಲೆ ಮರ, ಮನೆ, ದಿಬ್ಬ ತಡೆಯುವ ಗಾಳಿಗೆ ನೀರಿನ ಮೇಲೆ ತಡೆಯೂ ಕಡಿಮೆ.

ಹೀಗಾಗಿ ಉಪಯೋಗಕ್ಕೆ ಬರುವ ಎಚ್ಚರಿಕೆ ದೋಣಿ ಹೊರಡುವ ಮುನ್ನ ದಡದಲ್ಲಿ ಸಿಗುವ ಎಚ್ಚರಿಕೆ ಮಾತ್ರ. ಭಾರತೀಯ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳಿಗೆ ಜಿಲ್ಲಾವಾರು ‘ನೌಕಾಸ್ಟ್’ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ. ಎಚ್ಚರಿಕೆ ಇದ್ದೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಸೌರಿಯ ಟೇಬಲ್ ರಾಕ್ ಸರೋವರದ ಉದಾಹರಣೆ ಇದೆ. 2018ರ ಜುಲೈ 19ರ ಸಂಜೆ ಬಿರುಮಳೆಯ ಎಚ್ಚರಿಕೆ ಹೊರಟು ಇಪ್ಪತ್ತು ನಿಮಿಷ ಕಳೆದ ಮೇಲೆ 31 ಮಂದಿಯಿದ್ದ, ನೆಲ–ನೀರು ಎರಡರಲ್ಲೂ ಓಡುವ ವಿಹಾರದ ವಾಹನ ನೀರಿಗಿಳಿಯಿತು. ಗಾಳಿ ಬರುವ ಮುನ್ನವೇ ನೀರಿನ ಸುತ್ತು ಮುಗಿಸಿಬಿಡೋಣ ಎಂದು ಆ ಭಾಗವನ್ನು ಮೊದಲಿಗೆ ಇಟ್ಟುಕೊಂಡಿದ್ದರು. ಗಾಳಿ ತಟ್ಟಿದ ಹತ್ತು ನಿಮಿಷದೊಳಗೆ ವಾಹನ ಮುಳುಗಿ 17 ಮಂದಿ ಸತ್ತರು. ಲೈಫ್ ಜಾಕೆಟ್‌ಗಳು ಒಳಗಿದ್ದವು, ಯಾರೂ ತೊಟ್ಟಿರಲಿಲ್ಲ. ಚಾವಣಿ ಮತ್ತು ಪಕ್ಕದ ಪರದೆಗಳು ಹೊರಬರುವ ದಾರಿಗೆ ಅಡ್ಡವಾದವು ಎಂದು ತನಿಖೆ ಹೇಳಿತು.

6. ನಿಯಮದ ಕಡೆಗೆ

ಕಾನೂನಿನ ಚೌಕಟ್ಟು ಇಲ್ಲವೆಂದಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲಿ ದೋಣಿ ಸುರಕ್ಷತೆಗೆಂದೇ ಮಾರ್ಗಸೂಚಿ ಹೊರಡಿಸಿದೆ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ, ಎಂಜಿನ್ ಇಲ್ಲದ ದೋಣಿಗಳ ನೋಂದಣಿಗೂ ಅದರಲ್ಲಿ ಅವಕಾಶವಿದೆ. ಕೊರತೆ ಇರುವುದು ಇಲ್ಲಿನ ಗಾಳಿ, ಇಲ್ಲಿನ ಗಡಿಯಾರ, ಇಲ್ಲಿನ ದಂಡೆಗೆ ಹೊಂದುವ ಸ್ಥಳೀಯ ನಿಯಮದಲ್ಲಿ.

ಬೇಸಿಗೆ ರಜೆ ಏಪ್ರಿಲ್–ಮೇ ತಿಂಗಳಲ್ಲಿ. ಹಗಲ ಬಿಸಿಲಿಗೆ ಹೆದರಿ ಜನ ನೀರಿಗೆ ಬರುವುದು ಇಳಿಹೊತ್ತಿಗೆ. ಮೋಡ ಕಟ್ಟಿ ಒಡೆಯುವ ಹೊತ್ತೂ ಅದೇ. ಆದ್ದರಿಂದ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ, ಹಾಗೆಯೇ ಹಿಂಗಾರು ಗುಡುಗಿನ ದಿನಗಳಲ್ಲಿ, ದೋಣಿವಿಹಾರವನ್ನು ಬೆಳಗಿನ ಹೊತ್ತಿಗೆ ಸರಿಸುವುದು ಮೊದಲ ಸಲಹೆ. ಸಂಜೆ ನಡೆಸಲೇಬೇಕೆಂದರೆ ನೌಕಾಸ್ಟ್ ನೋಡದೆ ಟಿಕೆಟ್ ಕೊಡಬಾರದು. ದೋಣಿ ದಡದಿಂದ 200 ಮೀಟರ್ ಮೀರಬಾರದು. ಗುಡುಗು ಕೇಳಿದೊಡನೆ ನಿಲ್ಲಿಸಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಮುಂಗಾರಿನಲ್ಲಿ ಪ್ರಶ್ನೆ ಹೊತ್ತಿನದಲ್ಲ, ಜಾಗದ್ದು: ಪಶ್ಚಿಮಕ್ಕೆ ಅರ್ಧ ಕಿ.ಮೀ.ಗಿಂತ ಹೆಚ್ಚು ತೆರೆದ ನೀರಿರುವ ಕಡೆ ವಿಹಾರಕ್ಕೆ ಅನುಮತಿ ಬೇಡ. ಎರಡೂ ಕಾಲಕ್ಕೆ ಸಲ್ಲುವ ಮಾತುಗಳಿವೆ. ಲೈಫ್ ಜಾಕೆಟ್ಟನ್ನು ದೋಣಿ ಹತ್ತುವ ಮುನ್ನವೇ ತೊಟ್ಟು ಬಿಗಿದಿರಬೇಕು. ಪಕ್ಕದ ಪರದೆ ಇರಕೂಡದು. ಭಾರದ ಮಿತಿಯ ಗೆರೆ ದೋಣಿಯ ಹೊರಮೈಗೆ ಬಣ್ಣದಲ್ಲಿ ಬಳಿದಿರಬೇಕು, ಅದು ನೀರಲ್ಲಿ ಮುಳುಗಿದರೆ ದೋಣಿ ಹೊರಡಬಾರದು.

7. ಮುಂದಿನ ಅಧ್ಯಯನ

ಈ ನಿಯಮಗಳ ಗಂಟೆ, ದೂರಗಳನ್ನು ಇನ್ನೂ ಖಚಿತಗೊಳಿಸಲು ಬೇಕಾದ ದಾಖಲೆಗಳು ಹವಾಮಾನ ಇಲಾಖೆಯ ಹೊರಗೂ ಇವೆ. ಗಾಳಿಗೆ ಕಂಬ ಬಿದ್ದು ವಿದ್ಯುತ್ ಹೋದ ದಿನ, ಗಂಟೆ ಹೆಸ್ಕಾಂ ಶಾಖಾ ಕಚೇರಿಗಳ ದಾಖಲೆಯಲ್ಲಿರುತ್ತದೆ. ಬೆಳೆ, ಮನೆ ಹಾನಿಯ ಪಂಚನಾಮೆ ತಹಶೀಲ್ದಾರ್ ಕಚೇರಿಯಲ್ಲಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಮಾಪಕಗಳು ಹೋಬಳಿ ಮಟ್ಟದಲ್ಲಿವೆ. ಸೊಲ್ಲಾಪುರದಲ್ಲಿ ಪುಣೆ ಸಂಸ್ಥೆಯ ರಾಡಾರ್ ಮೋಡಗಳ ಅಧ್ಯಯನ ನಡೆಸಿದೆ. ಈ ನಾಲ್ಕನ್ನೂ ದಿನಾಂಕವಾರು ಹೊಂದಿಸಿದರೆ ಬಿರುಗಾಳಿ ಯಾವ ವಾರದಲ್ಲಿ, ಯಾವ ಗಂಟೆಯಲ್ಲಿ, ಯಾವ ದಿಕ್ಕಿನಿಂದ ಹೆಚ್ಚು ಬರುತ್ತದೆ ಎಂಬ ಪಟ್ಟಿ ಸಿದ್ಧವಾಗುತ್ತದೆ. ಇದರಲ್ಲಿ ಒಂದು ಎಚ್ಚರ ಬೇಕು: ಸರಾಸರಿ ವೇಗವನ್ನಷ್ಟೇ ನೋಡಿದರೆ ಎರಡು ನಿಮಿಷದ ಬಿರುಸು ಅದರಲ್ಲಿ ಕರಗಿಹೋಗುತ್ತದೆ. ಪ್ರತಿ ಅವಧಿಯ ಗರಿಷ್ಠ ವೇಗವನ್ನೂ ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು.

ಕೊನೆಯ ಆಕರ ಅಂಬಿಗರು. ಯಾವ ಮೋಡಕ್ಕೆ ತೆಪ್ಪ ಬಿಡಬಾರದು, ಯಾವ ಮೂಲೆಯಲ್ಲಿ ನೀರು ಬೇಗ ಕೆರಳುತ್ತದೆ ಎಂಬ ಅವರ ತಿಳಿವನ್ನು ಊರೂರಿಗೆ ಹೋಗಿ ಬರೆದುಕೊಂಡು ಮೇಲಿನ ಪಟ್ಟಿಯ ಜತೆ ತಾಳೆ ನೋಡಬೇಕು. ದೋಣಿವಿಹಾರಕ್ಕೆ ಟೆಂಡರ್ ಕರೆಯುವ ಮುನ್ನ ಆಗಬೇಕಾದ ಕೆಲಸ ಇದು. ಅದರ ಫಲಿತಾಂಶವನ್ನು ಟೆಂಡರಿನ ಷರತ್ತಿನಲ್ಲೇ ಸೇರಿಸಿದರೆ, ಹೊರಡಬೇಕೇ ಬೇಡವೇ ಎಂಬ ಹೊಣೆ ಗಾಳಿಗೆ ಎದುರಾಗಿ ಕೂತ ದೋಣಿಯವನೊಬ್ಬನ ಮೇಲೆ ಬೀಳುವುದಿಲ್ಲ.