ದಿ ಇನ್ಫಿನಿಟ್ ಸೀ (ಕಾದಂಬರಿ)

ದಿ ಇನ್ಫಿನಿಟ್ ಸೀ ಅಮೆರಿಕದ ಲೇಖಕ ರಿಕ್ ಯಾನ್ಸಿ ಹದಿಹರೆಯದ ಓದುಗರಿಗಾಗಿ ಬರೆದ ವೈಜ್ಞಾನಿಕ ಕಾದಂಬರಿ. ಭೂಮಿಯ ಮೇಲೆ ಅನ್ಯಗ್ರಹ ಜೀವಿಗಳು ನಡೆಸುವ ದಾಳಿಯನ್ನು ಕುರಿತ 'ದಿ ಫಿಫ್ತ್ ವೇವ್' ಸರಣಿಯ ಮೂರು ಕಾದಂಬರಿಗಳಲ್ಲಿ ಇದು ಎರಡನೆಯದು. ಜಿ. ಪಿ. ಪಟ್ನಮ್ಸ್ ಸನ್ಸ್ ಸಂಸ್ಥೆ 2014ರ ಸೆಪ್ಟೆಂಬರ್‌ನಲ್ಲಿ ಇದನ್ನು ಪ್ರಕಟಿಸಿತು. ಶೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದಲ್ಲಿ ಜೂಲಿಯೆಟ್ ತನ್ನ ಪ್ರೀತಿಯನ್ನು ಕೊನೆಯಿಲ್ಲದ ಕಡಲಿಗೆ ಹೋಲಿಸುವ ಮಾತಿನಿಂದ ಶೀರ್ಷಿಕೆಯನ್ನು ಪಡೆಯಲಾಗಿದೆ. ಮೊದಲ ಭಾಗ ಹುಟ್ಟಿಸಿದ್ದ ನಿರೀಕ್ಷೆಯನ್ನು ಈ ಕಾದಂಬರಿ ಪೂರೈಸಲಿಲ್ಲ ಎಂಬ ಅಸಮಾಧಾನ ಅನೇಕ ಓದುಗರಲ್ಲಿದೆ.

ಹಿನ್ನೆಲೆ

ಯಾನ್ಸಿ 1962ರಲ್ಲಿ ಫ್ಲಾರಿಡಾದಲ್ಲಿ ಜನಿಸಿದರು. ಅಮೆರಿಕದ ಆದಾಯ ತೆರಿಗೆ ಇಲಾಖೆಯಲ್ಲಿ ಹಲವು ವರ್ಷ ವಸೂಲಿ ಅಧಿಕಾರಿಯಾಗಿದ್ದು, ಆ ಅನುಭವವನ್ನು 2004ರಲ್ಲಿ ಆತ್ಮಕಥನವಾಗಿ ಬರೆದರು. 2009ರ 'ದಿ ಮಾನ್‌ಸ್ಟ್ರುಮಾಲಜಿಸ್ಟ್' ಅವರಿಗೆ ತರುಣರ ಸಾಹಿತ್ಯದಲ್ಲಿ ಹೆಸರು ತಂದಿತು.

ಸರಣಿಯ ಮೊದಲ ಕಾದಂಬರಿ 'ದಿ ಫಿಫ್ತ್ ವೇವ್' 2013ರ ಮೇ ತಿಂಗಳಲ್ಲಿ ಬಂದಿತು. ಅದರಲ್ಲಿ ದಾಳಿಯು ಅಲೆಗಳಾಗಿ ಬರುತ್ತದೆ. ಮೊದಲ ಅಲೆಯಲ್ಲಿ ವಿದ್ಯುತ್ ಮತ್ತು ಯಂತ್ರಗಳು ನಿಂತುಹೋಗುತ್ತವೆ. ಎರಡನೆಯದರಲ್ಲಿ ಸಮುದ್ರ ಉಕ್ಕಿ ಕರಾವಳಿಗಳು ಮುಳುಗುತ್ತವೆ. ಮೂರನೆಯದರಲ್ಲಿ ಹಕ್ಕಿಗಳ ಮೂಲಕ ಹರಡುವ ಸಾಂಕ್ರಾಮಿಕ ರೋಗವು ಉಳಿದವರಲ್ಲಿ ಬಹುಪಾಲು ಜನರನ್ನು ಕೊಲ್ಲುತ್ತದೆ. ನಾಲ್ಕನೆಯ ಅಲೆಯ ಶತ್ರು ಮನುಷ್ಯನ ದೇಹದಲ್ಲೇ ಅಡಗಿರುತ್ತಾನೆ. ಅನಾಥರಾದ ಮಕ್ಕಳಿಗೆ ಬಂದೂಕು ಕೊಟ್ಟು, ಬದುಕುಳಿದ ಮನುಷ್ಯರನ್ನೇ ಅನ್ಯಗ್ರಹದವರೆಂದು ನಂಬಿಸಿ ಕೊಲ್ಲಿಸುವುದು ಐದನೆಯ ಅಲೆ. ಕ್ಯಾಸಿ ಸಲಿವನ್ ಎಂಬ ಹುಡುಗಿ ತನ್ನ ತಮ್ಮ ಸ್ಯಾಮಿಯನ್ನು ಅಂಥದೊಂದು ಸೇನಾ ಶಿಬಿರದಿಂದ ಬಿಡಿಸಿಕೊಳ್ಳುವುದರೊಂದಿಗೆ ಮೊದಲ ಭಾಗ ಮುಗಿಯುತ್ತದೆ.

ಕಥಾಸಾರ

ಶಿಬಿರದಿಂದ ತಪ್ಪಿಸಿಕೊಂಡವರು ಒಹಾಯೊ ರಾಜ್ಯದ ಪಾಳುಬಿದ್ದ ಹೋಟೆಲೊಂದರಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದಾರೆ. ಕ್ಯಾಸಿ, ಸ್ಯಾಮಿ, 'ಜೋಂಬಿ' ಎಂಬ ಅಡ್ಡಹೆಸರಿನ ಬೆನ್ ಪ್ಯಾರಿಷ್ ಮತ್ತು ಅವನ ದಳದ ಮಕ್ಕಳು ಅಲ್ಲಿದ್ದಾರೆ. ಶಿಬಿರದ ಸ್ಫೋಟದಲ್ಲಿ ಸತ್ತನೆಂದು ಭಾವಿಸಲಾದ ಇವಾನ್ ವಾಕರ್ ಬದುಕಿದ್ದು, ಕ್ಯಾಸಿಯ ಕಡೆಗೆ ಬರುತ್ತಿದ್ದಾನೆ. ದಳದ ಗುರಿಕಾರ್ತಿ ರಿಂಗರ್ ಸುರಕ್ಷಿತ ನೆಲೆಯನ್ನು ಹುಡುಕಿಕೊಂಡು ಹೊರಡುತ್ತಾಳೆ. ಅವಳನ್ನು ಹಿಂಬಾಲಿಸಿ ಬಂದ ಟೀಕಪ್ ಎಂಬ ಪುಟ್ಟ ಹುಡುಗಿಗೆ ಕತ್ತಲಲ್ಲಿ ತಾನೇ ಗುಂಡು ಹಾರಿಸಿ, ಕೊನೆಗೆ ಸೇನಾಧಿಕಾರಿ ವೋಷ್‌ನ ಕೈಗೆ ಸಿಕ್ಕಿಬೀಳುತ್ತಾಳೆ.

ಇತ್ತ ಹೋಟೆಲಿಗೆ ಮೇಗನ್ ಎಂಬ ಪರಿಚಿತ ಬಾಲಕಿ ಬರುತ್ತಾಳೆ. ಉಸಿರಿನ ಇಂಗಾಲದ ಡೈಆಕ್ಸೈಡ್ ತಾಕಿದರೆ ಸಿಡಿಯುವ ಬಾಂಬನ್ನು ಅವಳ ಗಂಟಲಿನಲ್ಲಿ ಇಡಲಾಗಿದೆ. ಕಾದಂಬರಿಯ ಪೀಠಿಕೆಯೂ ಇಂಥದೇ ಒಂದು ಮಗುವಿನ ಕಥೆ. ಹಸಿದು ಬಂದ ಮಗುವಿಗೆ ಬಾಗಿಲು ತೆರೆಯುವುದೇ ಸಾವಿಗೆ ದಾರಿಯಾದರೆ ಮನುಷ್ಯರು ಒಬ್ಬರನ್ನೊಬ್ಬರು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಯಾನ್ಸಿ ಇಲ್ಲಿ ಕೆಲವೇ ಪುಟಗಳಲ್ಲಿ ಕಟ್ಟಿಕೊಡುತ್ತಾರೆ. ಸರಣಿಯ ಅತ್ಯುತ್ತಮ ಬರವಣಿಗೆ ಇದೇ ಎನ್ನಬಹುದು.

ವೋಷ್ ರಿಂಗರ್‌ಳ ದೇಹದಲ್ಲಿ 'ಹನ್ನೆರಡನೆಯ ವ್ಯವಸ್ಥೆ' ಎಂಬ ಸೂಕ್ಷ್ಮ ಯಂತ್ರಗಳ ಜಾಲವನ್ನು ಸೇರಿಸಿ ಅವಳಿಗೆ ಅಸಾಮಾನ್ಯ ಶಕ್ತಿಯನ್ನು ಕೊಡುತ್ತಾನೆ. ಸೆರೆಯಲ್ಲಿ ಅವಳು ಕಾವಲಿನ ಹುಡುಗ ರೇಜರ್‌ನೊಂದಿಗೆ ಚದುರಂಗ ಮತ್ತು ಬೇಸ್‌ಬಾಲ್ ಬೆರೆಸಿದ ಆಟವನ್ನು ಆಡುತ್ತಾಳೆ. ಕಾದಂಬರಿಯಲ್ಲಿ ನಗು ಸುಳಿಯುವ ಜಾಗ ಬಹುಮಟ್ಟಿಗೆ ಇದೊಂದೇ. ಇಬ್ಬರ ಸ್ನೇಹ ಪ್ರೀತಿಯಾಗಿ, ಆ ಪ್ರೀತಿ ಎರಡು ಸಾವುಗಳಲ್ಲಿ ಕೊನೆಗೊಳ್ಳುತ್ತದೆ.

ಶತ್ರುವಿನ ಸ್ವರೂಪ

ಶತ್ರುವಿನ ಬಗ್ಗೆ ಮೊದಲ ಭಾಗ ಹೇಳಿದ್ದನ್ನೆಲ್ಲ ಈ ಭಾಗ ಅಲುಗಾಡಿಸುತ್ತದೆ. ಇಷ್ಟು ದೂರ ಬರಬಲ್ಲವರು ಒಂದು ದೊಡ್ಡ ಬಂಡೆಯನ್ನು ಭೂಮಿಗೆ ಅಪ್ಪಳಿಸಿ ಕೆಲಸ ಮುಗಿಸದೆ, ಇಷ್ಟೊಂದು ಅಲೆಗಳ ಕಷ್ಟವನ್ನು ಏಕೆ ತೆಗೆದುಕೊಂಡರು ಎಂದು ರಿಂಗರ್ ಕೇಳಿಕೊಳ್ಳುತ್ತಾಳೆ. ಇವಾನ್‌ನಂಥವರ ಒಳಗೆ ಅನ್ಯಗ್ರಹದ ಪ್ರಜ್ಞೆ ಇಲ್ಲವೇ ಇಲ್ಲ, ಹಾಗೆಂಬ ನಂಬಿಕೆಯನ್ನಷ್ಟೇ ಅವರ ಮಿದುಳಿನಲ್ಲಿ ಬಿತ್ತಲಾಗಿದೆ ಎಂಬ ಸುಳಿವಿನತ್ತ ಅವಳ ತರ್ಕ ಸಾಗುತ್ತದೆ.

ಈ ತಿರುವು ಎಷ್ಟು ದೊಡ್ಡದೆಂಬುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಓದುಗರು ತಮ್ಮ ತೋಟದ ಉದಾಹರಣೆಯಿಂದಲೇ ತಿಳಿಯಬಹುದು. ಮೆಕ್ಸಿಕೊದಲ್ಲಿ ಮೊದಲು ಗುರುತಿಸಲಾದ ತೆಂಗಿನ ನುಸಿ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಬಳಿಕ ಕರ್ನಾಟಕದ ತೋಟಗಳಿಗೂ ಹರಡಿತು. ಬರಿಗಣ್ಣಿಗೆ ಕಾಣದ ಈ ಜೀವಿ ಎಳೆಗಾಯಿಯ ತೊಟ್ಟಿನ ಟೊಪ್ಪಿಗೆಯ ಅಡಿಯಲ್ಲಿ ಅಡಗಿ ರಸ ಹೀರುತ್ತದೆ. ಸಿಪ್ಪೆಯ ಮೇಲೆ ಕಂದು ಕಲೆ ಮೂಡಿ ಬಿರುಕು ಬಿಡುವ ಹೊತ್ತಿಗೆ ಒಳಗಿನ ಕೆಲಸ ಆಗಿಹೋಗಿರುತ್ತದೆ. ಮೊದಲ ಕಾದಂಬರಿಯ ಶತ್ರು ಇಂಥವನು. ಹೀಗೆ ನಷ್ಟ ಉಂಡ ಬೆಳೆಗಾರನಿಗೆ, ನುಸಿ ಎಂಬುದೇ ಇರಲಿಲ್ಲ, ಕಾಯಿ ತನ್ನನ್ನು ತಾನೇ ಕೊರೆದುಕೊಂಡಿತು ಎಂದು ಯಾರಾದರೂ ಹೇಳಿದರೆ ಅವನಿಗೆ ಏನನ್ನಿಸಬಹುದೋ, ಎರಡನೆಯ ಕಾದಂಬರಿ ಓದಿದವನಿಗೂ ಹಾಗೆಯೇ ಅನ್ನಿಸುತ್ತದೆ.

ವಿಮರ್ಶೆ

ಸುಮಾರು 450 ಪುಟಗಳ ಮೊದಲ ಭಾಗದ ಮುಂದೆ ಸುಮಾರು 300 ಪುಟಗಳ ಈ ಭಾಗ ಚಿಕ್ಕದು. ಆದರೂ ಇದು ನಿಧಾನವಾಗಿ ಸಾಗುತ್ತದೆ. ಹೋಟೆಲಿನ ಕೋಣೆಗಳಲ್ಲಿ ಪಾತ್ರಗಳು ಕಾಯುತ್ತವೆ, ಜಗಳವಾಡುತ್ತವೆ, ಮತ್ತೆ ಕಾಯುತ್ತವೆ. ನಿರೂಪಕರು ಪದೇಪದೇ ಬದಲಾಗುತ್ತಾರೆ. ಮೊದಲ ಭಾಗದ ಜೀವಾಳವಾಗಿದ್ದ ಕ್ಯಾಸಿಯ ಒರಟು ಹಾಸ್ಯದ ದನಿ ಹಿಂದೆ ಸರಿದು, ಉತ್ತರಾರ್ಧವನ್ನು ಬಹುತೇಕ ರಿಂಗರ್ ಆವರಿಸುತ್ತಾಳೆ. ಕ್ಯಾಸಿಯನ್ನು ಮೆಚ್ಚಿಕೊಂಡು ಬಂದ ಓದುಗರಿಗೆ ನಿರಾಸೆಯಾಗಲು ಇದೇ ಮುಖ್ಯ ಕಾರಣ. ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವ ಬದಲು ಲೇಖಕರು ಹೊಸ ಪ್ರಶ್ನೆಗಳನ್ನು ಸೇರಿಸುತ್ತಾರೆ. ವೋಷ್‌ನ ಸುತ್ತುಬಳಸಿನ ಮಾತುಗಳು ಹಲವೆಡೆ ತಾಳ್ಮೆಯನ್ನು ಪರೀಕ್ಷಿಸುತ್ತವೆ.

ನಡುವಿನ ಭಾಗಗಳೆಲ್ಲ ಹೀಗೆಯೇ ಇರಬೇಕೆಂದಿಲ್ಲ. ಪ್ಯಾಟ್ರಿಕ್ ನೆಸ್ ಅವರ 'ಕೇಯಾಸ್ ವಾಕಿಂಗ್' ಸರಣಿಯ ಎರಡನೆಯ ಕಾದಂಬರಿ 'ದಿ ಆಸ್ಕ್ ಅಂಡ್ ದಿ ಆನ್ಸರ್' 2009ರ ಕೋಸ್ಟಾ ಮಕ್ಕಳ ಪುಸ್ತಕ ಪ್ರಶಸ್ತಿಯನ್ನೇ ಪಡೆಯಿತು. ಅದೂ ಒಂದೇ ಊರಿನೊಳಗೆ ನಡೆಯುವ ಕಥೆ. ಆದರೆ ಅಲ್ಲಿ ಪಾತ್ರಗಳು ಮಾಡುವ ಪ್ರತಿಯೊಂದು ಆಯ್ಕೆಗೂ ಬೆಲೆಯಿದೆ. ಯಾನ್ಸಿಯಲ್ಲಿ ಆ ತೂಕ ಸಿಗುವುದು ಬಿಡಿ ಪ್ರಸಂಗಗಳಲ್ಲಿ ಮಾತ್ರ. ತಾಯಿ ಮತ್ತು ತಮ್ಮನನ್ನು ಕಳೆದುಕೊಂಡು ಮಾತನ್ನೇ ಬಿಟ್ಟ ಪೌಂಡ್‌ಕೇಕ್ ಎಂಬ ಹುಡುಗನ ಅಧ್ಯಾಯ ಅವುಗಳಲ್ಲೊಂದು. ಮೊದಲ ಭಾಗದಲ್ಲಿ ಬರೀ ಹೆಸರಾಗಿದ್ದವನು ಇಲ್ಲಿ ಮನಸ್ಸಿನಲ್ಲಿ ಉಳಿಯುತ್ತಾನೆ.

ನಂತರದ ಬೆಳವಣಿಗೆ

ಸರಣಿಯ ಕೊನೆಯ ಭಾಗ 'ದಿ ಲಾಸ್ಟ್ ಸ್ಟಾರ್' 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಅದರಲ್ಲಿ ರಿಂಗರ್‌ಗೆ ಸಿಗುವ ಸ್ಥಾನ ಅರ್ಥವಾಗಬೇಕಾದರೆ ಈ ನಡುವಿನ ಭಾಗವನ್ನು ಓದಿರಲೇಬೇಕು. ಜೆ. ಬ್ಲೇಕ್‌ಸನ್ ನಿರ್ದೇಶನದಲ್ಲಿ ಕ್ಲೋಯಿ ಗ್ರೇಸ್ ಮೊರೆಟ್ಜ್ ಕ್ಯಾಸಿಯಾಗಿ ನಟಿಸಿದ 'ದಿ ಫಿಫ್ತ್ ವೇವ್' ಚಲನಚಿತ್ರ 2016ರ ಜನವರಿಯಲ್ಲಿ ತೆರೆಕಂಡಿತು. ಜಗತ್ತಿನಾದ್ಯಂತ ಸುಮಾರು 11 ಕೋಟಿ ಡಾಲರ್ ಗಳಿಸಿದರೂ ವಿಮರ್ಶಕರು ಅದನ್ನು ಮೆಚ್ಚಲಿಲ್ಲ. 'ದಿ ಇನ್ಫಿನಿಟ್ ಸೀ' ಚಲನಚಿತ್ರವಾಗಲಿಲ್ಲ.